ಬಚ್ಚಲ ನೀರಿಗೂ ಒಂದು ಮರ್ಯಾದೆ

“ಬಚ್ಚಲ ಹಿಂದೆ ಹಸಿ ಇದ್ದರೆ ಸೊಳ್ಳೆ ಕಣ್ರೀ, ಮೊದಲು ಸಿಮೆಂಟು ಹಾಕಿಸಿಬಿಡಿ!” ಹೊಸ ಮನೆಗೆ ಬಂದವರಿಗೆ ನಮ್ಮ ಬೀದಿಯಲ್ಲಿ ಸಿಗುವ ಮೊದಲ ಉಪದೇಶ ಇದು. ನಾನೂ ಕೇಳಿದೆ. ಕೇಳಿ, ಅಮ್ಮ ಕೊಟ್ಟಿದ್ದ ಕಾಬಾಳೆಯನ್ನು ಬುಡಸಮೇತ ಕೀಳಿಸಿ ಚಪ್ಪಡಿ ಕೂರಿಸಿದೆ. ತಪ್ಪು ನನ್ನದೇ. ಅದಕ್ಕೇ ಈ ಜಗಳ.

ಅರಸೀಕೆರೆಯ ನಮ್ಮ ತವರಿನಲ್ಲಿ ಕೊಡ ನೀರಿಗೂ ಲೆಕ್ಕ. ಹಾಗಿದ್ದೂ ಬಚ್ಚಲ ಮೋರಿಯ ಬಾಯಲ್ಲಿ ಅಮ್ಮನ ಕಾಬಾಳೆ ಕೆಂಪಗೆ ಅರಳುತ್ತಿತ್ತು. ನಾವು ಮಿಂದ ನೀರೇ ಅದರ ಪಾಲು. ನೀರು ಅಲ್ಲಿ ನಿಲ್ಲುತ್ತಿರಲಿಲ್ಲ. ಮಣ್ಣು, ಬೇರು ಕುಡಿದುಬಿಡುತ್ತಿದ್ದವು. ಸೊಳ್ಳೆಮರಿ ಬೆಳೆಯಲು ನಿಂತ ನೀರು ಬೇಕು, ಒದ್ದೆ ಮಣ್ಣು ಸಾಲದು. ನಾನು ಚಪ್ಪಡಿ ಹಾಕಿಸಿದ ಮೇಲೆ ಆ ನೀರು ಬೀದಿ ಚರಂಡಿಗೆ ಹೋಗಿ ನಿಂತಿತು. ಈಗ ಸೊಳ್ಳೆ ಎಲ್ಲಿಂದ ಬರುತ್ತಿದೆ, ನೀವೇ ಹೇಳಿ. ಓದಿದ ಎಂಜಿನಿಯರುಗಳೇ ಕೊಳಚೆ ನೀರಿನ ಶುದ್ಧಿಗೆ ಕಾಬಾಳೆ ನೆಡುವ ಕಾಲವಿದು. ಅಮ್ಮ ಯಾವ ಕಾಲೇಜಿಗೂ ಹೋಗಿರಲಿಲ್ಲ.

2022ರಲ್ಲಿ ಅಮ್ಮ ತೀರಿಕೊಂಡಳು. ಮನೆ ಮಾರಾಟವಾಯಿತು, ಹಿತ್ತಲೂ ಹೋಯಿತು. ನನ್ನ ಪಾಲಿಗೆ ಬಂದದ್ದು ಅಳಗುಳಿಮಣೆ. ಅದರ ಚೀಲ ಬಿಚ್ಚಿದರೆ ಆಟದ ಕಾಯಿಗಳೆಲ್ಲ ಕರಿಮಣಿಯಂಥ ಕಾಬಾಳೆ ಬೀಜ!

“ಬೀಜ ಹಾಕಿ ಯಾರು ಕಾಯ್ತಾರೆ? ನರ್ಸರಿಯಲ್ಲಿ ಹೂ ಬಿಟ್ಟ ಗಿಡವೇ ಸಿಗುತ್ತಲ್ಲ” ಎಂದರು ಪಕ್ಕದ ಮನೆಯವರು. ಇದು ಎರಡನೆಯ ಉಪದೇಶ. ಈ ಸಲ ಕೇಳಲಿಲ್ಲ. ಅರ್ಜೆಂಟೀನಾದ ಹಳೆಯ ಗೋರಿಯೊಂದರಲ್ಲಿ ಗಿಲಕಿಯೊಳಗೆ ಸಿಕ್ಕ ಕಾಬಾಳೆ ಜಾತಿಯ ಬೀಜ ಸುಮಾರು 600 ವರ್ಷದ್ದಾದರೂ ಮೊಳೆಯಿತೆಂದು 1971ರಲ್ಲಿ ವಿಜ್ಞಾನಿಗಳು ವರದಿ ಮಾಡಿದ್ದಾರೆ. ನಮ್ಮ ಅಳಗುಳಿಮಣೆಗೆ ಅಷ್ಟೇನೂ ವಯಸ್ಸಾಗಿಲ್ಲ!

ಈ ಬೀಜದ ಸಿಪ್ಪೆ ಕಲ್ಲಿನಂತೆ, ನೀರನ್ನು ಒಳಗೆ ಬಿಡದು. ಉಪ್ಪುಕಾಗದದಿಂದ ಒಂದು ಪಕ್ಕ ಬಿಳಿ ಕಾಣುವವರೆಗೆ ಉಜ್ಜಿ, ಉಗುರುಬೆಚ್ಚಗಿನ ನೀರಿನಲ್ಲಿ ಒಂದು ದಿನ ನೆನೆಹಾಕಿ, ಅರ್ಧ ಅಂಗುಲ ಆಳಕ್ಕೆ ಊರಿದೆ. ಹನ್ನೆರಡರಲ್ಲಿ ಐದು ಮೂರು ವಾರದೊಳಗೆ ಮೊಳೆತವು. ಐದನೆಯ ತಿಂಗಳು ಅದೇ ಸಣ್ಣ ಕೆಂಪು ಹೂವು. ನೋಡುತ್ತ ಅಲ್ಲೇ ಕುಳಿತುಬಿಟ್ಟೆ.

ಗಡ್ಡೆ ನೆಟ್ಟರೆ ಬೇಗ ಹೂ ಬಿಡುತ್ತದೆ, ಒಪ್ಪಿದೆ. ನರ್ಸರಿಯ ದೊಡ್ಡ ಹೂವಿನ ಸಂಕರ ತಳಿಗಳಲ್ಲಿ ಎಷ್ಟೋ ಬೀಜವನ್ನೇ ಕಟ್ಟುವುದಿಲ್ಲ. ಕಟ್ಟಿದರೂ ತಾಯಿಯಂಥ ಹೂವೇ ಬರುವುದೆಂಬ ಭರವಸೆಯಿಲ್ಲ. ಅಂಥವಕ್ಕೆ ಗಡ್ಡೆಯೇ ಸರಿ. ಆದರೆ ಗಡ್ಡೆ ಕಿತ್ತೆಸೆದರೆ ಮುಗಿಯಿತು. ಬೀಜ ಹಾಗಲ್ಲ, ನಮಗೆ ಬುದ್ಧಿ ಬರುವವರೆಗೂ ಡಬ್ಬಿಯಲ್ಲಿ ಕಾಯುತ್ತದೆ.

ಚಪ್ಪಡಿ ಎಬ್ಬಿಸಿದ್ದೇನೆ. ಮನೆಯವರು ಎರಡು ದಿನ ಗೊಣಗಿದರು, ಆಮೇಲೆ ಅವರೇ ಪಾತಿ ಮಾಡಿಕೊಟ್ಟರು. ಬೀಜ ಬೇಕಾದವರು ಬನ್ನಿ, ಹಿಡಿ ತುಂಬ ಕೊಡುತ್ತೇನೆ. ಬಚ್ಚಲ ಹಿಂದೆ ಒಂದು ಮಾರು ಮಣ್ಣು ಉಳಿಸಿಕೊಂಡವರಿಗೆ ಮಾತ್ರ!