ಸರ್ವರ್ ಬದಲಾಗಲಿ, ಪಾಠ ಕೆಡದಿರಲಿ

ಕನ್ನಡ ವಿಭಾಗಗಳ ಹಸ್ತಪ್ರತಿ ಸೂಚಿ, ಜಾನಪದ ಸಂಗ್ರಹ, ಗ್ರಂಥಪಟ್ಟಿಗಳು ಇಂದು ಸರ್ವರ್‌ಗಳನ್ನು ಸೇರುತ್ತಿವೆ. ಅವುಗಳನ್ನು ಹೊತ್ತ ಮೈಎಸ್‌ಕ್ಯೂಎಲ್ ತಂತ್ರಾಂಶವನ್ನು ಎಂದೋ ಯಾರೋ ಒಬ್ಬರು ಕೈಯಾರೆ ಸ್ಥಾಪಿಸಿರುವುದುಂಟು. ಅವರು ಊರು ಬಿಟ್ಟರೆ ಅದರ ಮರ್ಮವೂ ಅವರೊಡನೆ ಹೋಗುತ್ತದೆ. ಉಬುಂಟುವಿನಂತಹ ವ್ಯವಸ್ಥೆಯ ಭಂಡಾರದಿಂದ ಪ್ಯಾಕೇಜ್ ರೂಪದಲ್ಲಿ ಬರುವ ತಂತ್ರಾಂಶದ ರೀತಿ ಬೇರೆ. ಯಾವ ಕಡತ ಎಲ್ಲಿದೆ ಎಂಬ ಲೆಕ್ಕವನ್ನು ಯಂತ್ರವೇ ಇಡುತ್ತದೆ. ತಿದ್ದುಪಡಿಗಳೂ ಅದೇ ಹಾದಿಯಲ್ಲಿ ಬರುತ್ತವೆ.

‘ನಡೆಯುತ್ತಿರುವುದನ್ನು ಏಕೆ ಮುಟ್ಟಬೇಕು?’ ಎಂಬ ಪ್ರಶ್ನೆ ಸಹಜ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ‘ಹಾರ್ಟ್‌ಬ್ಲೀಡ್’ ದೋಷ ಬಯಲಾದಾಗ ಇದಕ್ಕೆ ಉತ್ತರ ದೊರೆಯಿತು. ಪ್ಯಾಕೇಜ್ ಬಳಸಿದವರಿಗೆ ತಿದ್ದುಪಡಿ ಭಂಡಾರದಿಂದಲೇ ಬಂದಿತು. ಕೈಯಾರೆ ಕಟ್ಟಿಕೊಂಡವರು ತಾವೇ ಮತ್ತೆ ಕಟ್ಟಬೇಕಾಯಿತು.

ಆದುದರಿಂದ ಬದಲಾವಣೆ ಅಗತ್ಯ. ಆದರೆ ಕನ್ನಡದ ಮಟ್ಟಿಗೆ ಅದರಲ್ಲೊಂದು ವಿಶೇಷ ಅಪಾಯವಿದೆ. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಾಕ್ಷರಕ್ಕೂ 3 ಬೈಟ್ ಬೇಕು, ದೇವನಾಗರಿಗೂ ಅಷ್ಟೇ. ಮೈಎಸ್‌ಕ್ಯೂಎಲ್‌ನ ಹಳೆಯ ಆವೃತ್ತಿಗಳು ಬೇರೆ ಸೂಚನೆಯಿಲ್ಲದಿದ್ದರೆ ಲ್ಯಾಟಿನ್-1 ಸಂಕೇತವನ್ನೇ ಹಿಡಿಯುತ್ತಿದ್ದವು, 2018ರ 8.0 ಆವೃತ್ತಿಯಲ್ಲಿ ಯುಟಿಎಫ್8ಎಂಬಿ4 ಆ ಸ್ಥಾನಕ್ಕೆ ಬಂದಿತು. ಹಳೆಯ ಸರ್ವರ್‌ನಲ್ಲಿ ಲ್ಯಾಟಿನ್ ಎಂಬ ಹೆಸರಿನಡಿ ಅಡಗಿ ಕುಳಿತ ಕನ್ನಡ, ಹೊಸದರಲ್ಲಿ ಅರ್ಥವಿಲ್ಲದ ಯುರೋಪಿನ ಅಕ್ಷರಗಳಾಗಿಯೋ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಯೋ ಕಾಣಿಸಿಕೊಳ್ಳಬಹುದು. ಆಗಲೂ ದಾಖಲೆಗಳ ಎಣಿಕೆ ಸರಿಯಾಗಿಯೇ ಇರುತ್ತದೆ.

ಗ್ರಂಥಸಂಪಾದನೆಯನ್ನು ಓದಿದವರಿಗೆ ಇಲ್ಲಿನ ಕ್ರಮ ಅಪರಿಚಿತವಲ್ಲ. ಮೊದಲು ಮೂಲದ ಪೂರ್ಣ ಪ್ರತಿಯನ್ನು ತೆಗೆದು ಬೇರೊಂದೆಡೆ ಇಡಬೇಕು. ಸಂರಚನೆಯ ಕಡತಗಳನ್ನೂ, ಬಳಕೆದಾರರ ಹಕ್ಕುಗಳ ಪಟ್ಟಿಯನ್ನೂ ಬರೆದಿಟ್ಟುಕೊಳ್ಳಬೇಕು. ಬಳಿಕ ಇನ್ನೊಂದು ಯಂತ್ರದಲ್ಲಿ ಪ್ಯಾಕೇಜನ್ನು ಸ್ಥಾಪಿಸಿ, ಆ ಪ್ರತಿಯನ್ನು ಅದಕ್ಕೆ ತುಂಬಿ, ಮೂಲದೊಡನೆ ಪಾಠವನ್ನು ಹೋಲಿಸಿ ನೋಡಬೇಕು. ಅದು ಒಪ್ಪಿಗೆಯಾದ ಮೇಲೆ ನಿಜವಾದ ಬದಲಾವಣೆಯ ದಿನ ಹೊಸ ದಾಖಲೆಗಳ ಸೇರ್ಪಡೆಯನ್ನು ತಡೆದು, ಕೊನೆಯ ಪ್ರತಿ ತೆಗೆದು, ಹಳೆಯ ಸರ್ವರನ್ನು ನಿಲ್ಲಿಸಬೇಕು. 3306 ಎಂಬ ಒಂದೇ ದ್ವಾರದಲ್ಲಿ ಎರಡು ಸರ್ವರ್‌ಗಳು ನಿಲ್ಲಲಾರವು. ಯಂತ್ರ ಮರಳಿ ಚಾಲನೆಗೊಂಡಾಗ ಹಳೆಯದು ತಾನಾಗಿ ಏಳದಂತೆಯೂ ನೋಡಿಕೊಳ್ಳಬೇಕು. ಹೊಸದು ಕೆಲವು ವಾರ ಕೆಲಸ ಮಾಡಿ ವಿಶ್ವಾಸ ಗಳಿಸುವವರೆಗೆ ಹಳೆಯದನ್ನು ಅಳಿಸಲಾಗದು. ಪ್ರತಿಯನ್ನು ಪರಿಶೀಲಿಸದೆ ಮೂಲ ಓಲೆಗಳನ್ನು ಯಾರೂ ಒಲೆಗೆ ಹಾಕುವುದಿಲ್ಲ.

ಈ ಹೋಲಿಕೆಯ ಹೊಣೆಯನ್ನು ತಂತ್ರಜ್ಞನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ದಾಖಲೆಗಳ ಸಂಖ್ಯೆಯನ್ನು ಆತ ನೋಡಬಲ್ಲ. ಒತ್ತಕ್ಷರ ಮುರಿದಿದೆಯೇ, ಅರ್ಕಾವೊತ್ತು ಸ್ಥಳ ತಪ್ಪಿದೆಯೇ, ಹಳಗನ್ನಡದ ಱ, ೞಗಳು ಉಳಿದಿವೆಯೇ ಎಂಬುದನ್ನು ಕನ್ನಡ ಬಲ್ಲವರೇ ಹೇಳಬೇಕು. ಸರ್ವರ್ ಬದಲಾಗುವ ದಿನ ಯಂತ್ರದ ಪಕ್ಕದಲ್ಲಿ ಕನ್ನಡ ಐಚ್ಛಿಕದ ಇಬ್ಬರು ವಿದ್ಯಾರ್ಥಿಗಳು ಕುಳಿತಿರುವುದು ಎಲ್ಲ ವಿಭಾಗಗಳಲ್ಲಿಯೂ ನಿಯಮವಾಗಬೇಕು.