ಕಾಲಯಂತ್ರ ಹತ್ತುವವರು ಶಿರಾಳಕೊಪ್ಪದಲ್ಲಿ ಇಳಿಯಿರಿ!

‘ಆದಿತ್ಯ 369’ ನೆನಪಿದೆಯೇ? 1991ರ ತೆಲುಗು ಚಿತ್ರ. ಅದನ್ನು ತೊಳೆದು, ಬಣ್ಣ ತಿದ್ದಿ 2025ರ ಏಪ್ರಿಲ್‌ನಲ್ಲಿ ಮತ್ತೆ ಬಿಡುಗಡೆ ಮಾಡಿದರು. ಆ ನೆಪದಲ್ಲಿ ನಾವೂ ಇನ್ನೊಮ್ಮೆ ಕೂತು ನೋಡಿದೆವು.

ತೆಲುಗು ಚಿತ್ರದ ಮಾತು ಶಿಕಾರಿಪುರ-ಸೊರಬದವರಿಗೆ ಯಾಕಪ್ಪಾ ಅಂತ ಮುಖ ಸಿಂಡರಿಸಬೇಡಿ. ಅದನ್ನು ಮಾಡಿದವರು ಸಿಂಗೀತಂ ಶ್ರೀನಿವಾಸರಾವ್. ನಮ್ಮ ರಾಜಕುಮಾರ್ ಅವರಿಗೆ ‘ಹಾಲು ಜೇನು’, ‘ಚಲಿಸುವ ಮೋಡಗಳು’, ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಮಾಡಿಕೊಟ್ಟ ಮನುಷ್ಯ. ಪರಕೀಯರೇನಲ್ಲ. ಕಥೆಯೂ ಅರ್ಧಕ್ಕರ್ಧ ನಮ್ಮ ಹಂಪಿಯದ್ದೇ. ಪ್ರೊಫೆಸರೊಬ್ಬರು ಕಾಲಯಂತ್ರ ಕಟ್ಟುತ್ತಾರೆ, ನಾಯಕ ಬಾಲಕೃಷ್ಣ ಅದರಲ್ಲಿ ಕೂತು 1526ಕ್ಕೆ ಹೋಗಿ ಕೃಷ್ಣದೇವರಾಯನ ಆಸ್ಥಾನದಲ್ಲಿ ಇಳಿಯುತ್ತಾನೆ. ಆಮೇಲೆ 2504ಕ್ಕೂ ಒಂದು ಸುತ್ತು! 1895ರಲ್ಲಿ ಎಚ್.ಜಿ. ವೆಲ್ಸ್ ಎಂಬ ಇಂಗ್ಲಿಷ್ ಲೇಖಕ ಕಾಲಯಂತ್ರದ ಕಾದಂಬರಿ ಬರೆದಿದ್ದ. ಬೀಜ ಅಲ್ಲಿಯದು, ಮಣ್ಣು ವಿಜಯನಗರದ್ದು.

ನಾವು ಚಿಕ್ಕವರಿದ್ದಾಗ ಇದನ್ನು ನೋಡಿದ್ದು ಗಣಪತಿ ಹಬ್ಬದ ರಾತ್ರಿ, ಬಾಡಿಗೆಗೆ ತಂದ ವಿಸಿಪಿಯಲ್ಲಿ. ತೆಲುಗು ಯಾರಿಗೆ ಬರುತ್ತಿತ್ತು? ಬಳ್ಳಾರಿ ಕಡೆ ಕೆಲಸಕ್ಕೆ ಹೋಗಿ ಬಂದಿದ್ದ ಒಬ್ಬಣ್ಣ ಗಟ್ಟಿಯಾಗಿ ಅರ್ಥ ಹೇಳುತ್ತಿದ್ದ. (ಅರ್ಧ ಅವನ ಸ್ವಂತ ಕಥೆ ಅಂತ ಈಗ ಗೊತ್ತಾಯಿತು.) ಮರುದಿನದಿಂದ ಊರ ತುಂಬಾ ಕಾಲಯಂತ್ರವೇ. ಎತ್ತಿನಗಾಡಿ ನೊಗ ಮೇಲೆತ್ತಿ ಕೂತು 2504ಕ್ಕೆ ಹೋಗಿ ಬಂದದ್ದೇ ಬಂದದ್ದು.

ಈಗ ನೋಡಿದರೆ ಆ ಯಂತ್ರ ಮಿಣಿಮಿಣಿ ದೀಪ ಹಾಕಿದ ಡಬ್ಬಿ. 2504ರ ಭಾಗ ಪೇಲವ. ಕೃಷ್ಣದೇವರಾಯನ ಭಾಗ ಮಾತ್ರ ಇವತ್ತಿಗೂ ಗಟ್ಟಿ, ಇಳಯರಾಜ ಸಂಗೀತವಂತೂ ಕೇಳಲೇಬೇಕು. ಆದರೆ ಹುಡುಗರಾಗಿದ್ದಾಗ ನಮ್ಮ ಕಣ್ಣಿಗೆ ಬೀಳದೇ ಹೋದವನು ಒಬ್ಬನಿದ್ದಾನೆ: ಖಳನಾಯಕ ಅಮರೀಶ್ ಪುರಿ. ಅವನ ಚಾಳಿ ಏನು ಗೊತ್ತೇ? ಹಳೇ ಕಾಲದ ವಸ್ತು ಕದಿಯುವುದು! ಮ್ಯೂಸಿಯಂನಲ್ಲಿದ್ದ ರಾಯರ ಕಾಲದ ವಜ್ರಕ್ಕೇ ಕೈ ಹಾಕುತ್ತಾನೆ. ಆಗ ನಾವು ಯಂತ್ರ ನೋಡಿದೆವು, ಈಗ ಕಳ್ಳನನ್ನು ನೋಡಿದೆವು.

ನೋಡುತ್ತಿದ್ದ ಹಾಗೆ ನಮ್ಮೂರಿನ ಕಳ್ಳರೂ ನೆನಪಾದರು. ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಕುಂಕುಮ, ಹಾರೆ, ಪಿಕಾಸಿ ಹಿಡಿದು ಪಾಳುಗುಡಿಗೆ ಹೋಗುವ ನಿಧಿಗಳ್ಳರು. ಲಿಂಗ ಕಿತ್ತು ಅಡಿ ಅಗೆಯುವುದು, ಬಸವನ ಹೊಟ್ಟೆ ಒಡೆಯುವುದು. ಹೊನ್ನು ಸಿಕ್ಕವರನ್ನು ನಾವಂತೂ ಕಂಡಿಲ್ಲ, ಒಡೆದ ಬಸವನನ್ನು ಬೇಕಾದಷ್ಟು ಕಂಡಿದ್ದೇವೆ.

ಕಳ್ಳರನ್ನೇ ಬೈದರೆ ಸಾಲದು. ವೀರಗಲ್ಲನ್ನು ಬಟ್ಟೆ ಒಗೆಯಲು ಹಾಕಿಕೊಂಡವರು ಯಾರು? ಶಾಸನದ ಕಲ್ಲಿಗೆ ಎಮ್ಮೆ ಕಟ್ಟಿದವರು ಯಾರು? ಅಕ್ಷರದ ಮೇಲೆ ಆಯಿಲ್ ಪೇಂಟ್ ಬಳಿದು ಭಕ್ತಿ ತೋರಿಸಿದವರು ಯಾರು? ವೀರಗಲ್ಲು ಅಂದರೆ ಬರೀ ಕಲ್ಲಲ್ಲ ಸ್ವಾಮಿ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಸತ್ತವನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಬರಹ ಇದ್ದರೆ ಯಾವ ಅರಸನ ಕಾಲ, ಯಾರು ಸತ್ತ, ಯಾರ ದನ ಬಿಡಿಸಲು ಸತ್ತ ಎಂಬುದೂ ಇರುತ್ತದೆ. ಎಂಟುನೂರು ವರ್ಷದ ಹಿಂದೆ ನಮ್ಮೂರ ದನ ಕಾಯಲು ಪ್ರಾಣ ಕೊಟ್ಟವನ ಎದೆಯ ಮೇಲೆ ನಾವು ಲುಂಗಿ ಕುಕ್ಕುತ್ತಿದ್ದೇವೆ!

ಕಾಲಯಂತ್ರ ಬೇಕಾದವರು ಶಿಕಾರಿಪುರದಿಂದ ಸೊರಬದ ಕಡೆ ಹೊರಟ ಬಸ್ಸು ಹತ್ತಿ ಶಿರಾಳಕೊಪ್ಪದಲ್ಲಿ ಇಳಿಯಲಿ. ಹತ್ತಿರದಲ್ಲೇ ತಾಳಗುಂದ. ಪ್ರಣವೇಶ್ವರ ಗುಡಿಯ ಮುಂದಿನ ಕಂಬವನ್ನು ಓದಿದ್ದರಿಂದಲೇ ಕದಂಬರ ಮಯೂರಶರ್ಮನ ಕಥೆ ಲೋಕಕ್ಕೆ ಗೊತ್ತಾದದ್ದು. ಕಂಚಿಗೆ ಓದಲು ಹೋದ ಹುಡುಗ, ಪಲ್ಲವರ ಕುದುರೆ ಸವಾರನ ಜೊತೆ ಜಗಳ, ದರ್ಭೆ ಬಿಟ್ಟು ಕತ್ತಿ ಹಿಡಿದದ್ದು. 1975ರ ‘ಮಯೂರ’ಕ್ಕೆ ಶಿಳ್ಳೆ ಹೊಡೆದವರಲ್ಲಿ ಎಷ್ಟು ಜನ ಆ ಕಂಬ ನೋಡಿದ್ದೀರಿ? ಅದೇ ಊರಲ್ಲಿ ಅಗೆದಾಗ ಸಿಕ್ಕ ಸಿಂಹದ ಕಟಾಂಜನದ ಮೇಲಿನ ಬರಹ ಕ್ರಿ.ಶ. 370ರ ಸುಮಾರಿನದು, ಹಲ್ಮಿಡಿಗಿಂತ ಹಳೆಯದು ಎನ್ನುವ ವಿದ್ವಾಂಸರಿದ್ದಾರೆ.

ಇನ್ನೊಂದು ದಿಕ್ಕಿಗೆ ಬಳ್ಳಿಗಾವಿ, ಅಲ್ಲಮಪ್ರಭುವಿನ ಊರು. ಅಲ್ಲಿಯ ಕೋಡಿಯ ಮಠದ 1162ರ ಶಾಸನ ಏನು ಹೇಳುತ್ತದೆ ಕೇಳಿ: ವೇದ, ವ್ಯಾಕರಣ ಎಲ್ಲ ಓದುವ ಜಾಗ, ದೀನರಿಗೆ, ಕುರುಡರಿಗೆ, ಕಿವುಡರಿಗೆ ಅನ್ನ, ರೋಗಿಗಳಿಗೆ ಔಷಧ. ಶಾಲೆ, ಊಟ, ಆಸ್ಪತ್ರೆ ಒಂದೇ ಕಡೆ! ಸೊರಬದವರು ‘ನಮ್ಮದೇನು ಕಡಿಮೆ’ ಅನ್ನಬಹುದು. ನಿಜ, ಕುಬಟೂರಿನ ಕೈಟಭೇಶ್ವರ ಇದ್ದಾನೆ, ಚಂದ್ರಗುತ್ತಿ ಇದೆ.

‘ಕಲ್ಲು ನೋಡಿದರೆ ಹೊಟ್ಟೆ ತುಂಬುತ್ತದೇನ್ರೀ?’ ಅಂತ ಪೇಟೆಯ ಅಂಗಡಿ ಸಾಹುಕಾರರೊಬ್ಬರು ಕೇಳಿದರು. ತುಂಬುತ್ತದೆ. ಹಂಪಿಯಲ್ಲಿ, ಬೇಲೂರಿನಲ್ಲಿ ಎಳನೀರು, ಚಹಾ, ತಿಂಡಿ ಮಾರಿ ಸಂಸಾರ ನಡೆಸುವವರನ್ನು ಕೇಳಿ ಬನ್ನಿ. ನಮ್ಮ ಶಾಲೆಯ ಪ್ರವಾಸದ ಬಸ್ಸುಗಳೇ ಇದೇ ರಸ್ತೆಯಲ್ಲಿ ಜೋಗಕ್ಕೋ ಹಂಪಿಗೋ ಭರ್ ಅಂತ ಹೋದರೆ ಬಳ್ಳಿಗಾವಿಯಲ್ಲಿ ಚಹಾ ಕುಡಿಯುವವರು ಯಾರು?

ದೊಡ್ಡ ಯೋಜನೆ ಯಾರೂ ಕೇಳುತ್ತಿಲ್ಲ. ಶಿರಾಳಕೊಪ್ಪ ಬಸ್ ನಿಲ್ದಾಣದಲ್ಲಿ ಎರಡೂ ಊರಿನ ದಾರಿ, ದೂರ, ಬಸ್ಸಿನ ಹೊತ್ತು ಬರೆದ ದೊಡ್ಡ ಫಲಕ ಇರಲಿ. ಗ್ರಾಮ ಪಂಚಾಯಿತಿಗಳು ತಮ್ಮ ಗಡಿಯಲ್ಲಿ ಬಿದ್ದಿರುವ ವೀರಗಲ್ಲು, ಶಾಸನಗಳ ಪಟ್ಟಿ ಮಾಡಿ ಪುರಾತತ್ವ ಇಲಾಖೆಗೆ ಬರೆಯಲಿ. ಇಲಾಖೆ ಒಪ್ಪಿದರೆ ಅನಾಥ ಕಲ್ಲುಗಳನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿ ನೆರಳು ಮಾಡಲಿ. ಇಲ್ಲವೇ ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಮ್ಯೂಸಿಯಂಗೆ ಸಾಗಿಸಲಿ. ಪ್ರಾಚೀನ ವಸ್ತುಗಳ ಕಳ್ಳ ವ್ಯಾಪಾರ ತಡೆಯಲು 1972ರ ಕಾಯ್ದೆ ಇದೆ. ರಾತ್ರಿ ಪಾಳುಗುಡಿ ಕಡೆ ಲಾಟೀನಿನ ಬೆಳಕು ಕಂಡರೆ ದೆವ್ವ ಅಂತ ಓಡಬೇಡಿ, ಪೊಲೀಸರಿಗೆ ಫೋನ್ ಮಾಡಿ. ತಾಲ್ಲೂಕಿನ ಸಾಹೇಬರುಗಳು ಫಲಕದ ಕೆಲಸವನ್ನಾದರೂ ಈ ಮಳೆಗಾಲದೊಳಗೆ ಮಾಡಿಸುವರೇ?