ಹಬ್ಬದ ದಿನ ಕಳೆದ ಫೋನು



ಕಳೆದ ವರ್ಷ ನಮ್ಮ ಚರ್ಚಿನ ಹಬ್ಬದ ಊಟದ ಹೊತ್ತಿಗೆ ಒಂದು ಫೋನು ಕಾಣೆಯಾಯಿತು, ನೆನಪಿದೆಯಲ್ಲ? ಐದೇ ನಿಮಿಷದಲ್ಲಿ ಎಲ್ಲರ ಕಣ್ಣು ಬುಟ್ಟಿ ಹೆಣೆಯುವ ಕೊರಚರ ಮನೆಗಳಿಂದ ಬಂದಿದ್ದ ಇಬ್ಬರು ಹುಡುಗರ ಮೇಲೆ ಬಿತ್ತು. ಅವರ ಜೇಬು ತಡಕಿದವರಲ್ಲಿ ನಾನೂ ಒಬ್ಬ. ಆಮೇಲೆ ಫೋನು ಗಾಯನ ತಂಡದ ಬೆಂಚಿನ ಕೆಳಗೇ ಸಿಕ್ಕಿತು. ಆ ಹುಡುಗರು ಮಾತ್ರ ಮತ್ತೆ ಬರಲಿಲ್ಲ.

ನಮಗೆ ಅವರ ಮೇಲೆಯೇ ಯಾಕೆ ಅನುಮಾನ ಬಂತು? ಆ ಅನುಮಾನ ಒಂದು ಕಾಲಕ್ಕೆ ಕಾನೂನೇ ಆಗಿತ್ತು ಎಂದು ನನಗೆ ಗೊತ್ತಾದದ್ದು ಆಮೇಲೆ.

ತೆಲುಗಿನಲ್ಲಿ ಎರುಕಲ ಎನ್ನಿಸಿಕೊಳ್ಳುವ ಈ ಜನ ಹಿಂದೆ ಎತ್ತು, ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಊರೂರು ತಿರುಗಿ ವ್ಯಾಪಾರ ಮಾಡುತ್ತಿದ್ದರು. ಬ್ರಿಟಿಷರ ಉಪ್ಪಿನ ನೀತಿ, ರೈಲು ಎರಡೂ ಸೇರಿ ಆ ವ್ಯಾಪಾರವನ್ನು ಮುರಿದವು. ಹೊಟ್ಟೆಪಾಡು ಕಿತ್ತುಕೊಂಡವರೇ ಅವರಿಗೆ ಕಳ್ಳರೆಂಬ ಹಣೆಪಟ್ಟಿಯನ್ನೂ ಕಟ್ಟಿದರು. 1871ರಲ್ಲಿ ಉತ್ತರ ಭಾರತದಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ನಮ್ಮ ಅನಂತಪುರವೂ ಸೇರಿದ್ದ ಮದ್ರಾಸ್ ಪ್ರಾಂತ್ಯಕ್ಕೆ ಬಂತು. ಕದಿಯಲಿ ಬಿಡಲಿ, ಹುಟ್ಟಿದ ಕುಲವೇ ಅಪರಾಧ. ಬೆರಳಚ್ಚು ಕೊಡಬೇಕು, ಪೊಲೀಸರ ಮುಂದೆ ಹಾಜರಿ ಹಾಕಬೇಕು, ಊರು ಬಿಡಲು ಪಾಸು ಪಡೆಯಬೇಕು. ಮಕ್ಕಳನ್ನು ಅಪ್ಪ ಅಮ್ಮನಿಂದ ಬಿಡಿಸಿ ಶಾಲೆಗೆ ಹಾಕುವ ಅಧಿಕಾರವೂ ಸರ್ಕಾರಕ್ಕಿತ್ತು. (ಬಿಎಸ್ಸಿಯಲ್ಲಿ ಮೂರು ವರ್ಷ ವಿಜ್ಞಾನ ಓದಿದ ನಾನು 'ಅದು ಅವರ ರಕ್ತದಲ್ಲೇ ಇದೆ' ಎಂಬ ಮಾತಿಗೆ ಅಂದು ತಲೆಯಾಡಿಸಿದ್ದೆ. ನಾಚಿಕೆಯಾಗುತ್ತದೆ.)

ನಮ್ಮನ್ನು ಹೆಚ್ಚು ಚುಚ್ಚಬೇಕಾದ ಸಂಗತಿ ಬೇರೆ ಇದೆ. ಬಾಪಟ್ಲ ಬಳಿಯ ಸ್ಟುವರ್ಟ್‌ಪುರಂನಲ್ಲಿ ಎರುಕಲರಿಗಾಗಿ ಮಾಡಿದ ವಸಾಹತನ್ನು ನಡೆಸಿದ್ದು ಸಾಲ್ವೇಶನ್ ಆರ್ಮಿ, ಅಂದರೆ ಕ್ರೈಸ್ತರು. ಅಲ್ಲಿ ಶಾಲೆ ಇತ್ತು, ಕೆಲಸ ಇತ್ತು, ಒಳ್ಳೆಯ ಮನಸ್ಸಿನವರೂ ಇದ್ದರು. ಆದರೆ ಅಲ್ಲಿಂದ ಎದ್ದು ಹೋಗುವ ಸ್ವಾತಂತ್ರ್ಯ ಇರಲಿಲ್ಲ. ಅದು ಬೇರೆ ಸಭೆ ಎಂದು ಪಿಲಾತನಂತೆ ಕೈ ತೊಳೆದುಕೊಳ್ಳಬಹುದು. ಆದರೆ ಕೆನಡಾದಲ್ಲಿ ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಬಿಡಿಸಿ ಇಟ್ಟ ವಸತಿ ಶಾಲೆಗಳಲ್ಲಿ ಹಲವನ್ನು ಕಥೋಲಿಕರೇ ನಡೆಸಿದ್ದರು. 2022ರ ಜುಲೈನಲ್ಲಿ ಪೋಪ್ ಫ್ರಾನ್ಸಿಸ್ ಅಲ್ಲಿಗೇ ಹೋಗಿ ಕ್ಷಮೆ ಕೇಳಿದರು.

ನಮ್ಮ ದೇಶದಲ್ಲಿ ಆ ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು. ನಮ್ಮ ಹಬ್ಬದ ಊಟದ ಪಂಕ್ತಿಯಲ್ಲಿ ಮಾತ್ರ ಅದು ಕಳೆದ ವರ್ಷವೂ ಜಾರಿಯಲ್ಲಿತ್ತು.

ಆ ಹುಡುಗರ ಮನೆ ನನಗೆ ಗೊತ್ತು. ಈ ಭಾನುವಾರ ಪೂಜೆ ಮುಗಿದ ಮೇಲೆ ಹೋಗಿ ಅವರಪ್ಪ ಅಮ್ಮನ ಎದುರಿಗೇ ಕ್ಷಮೆ ಕೇಳುತ್ತೇನೆ. ಅಂದು ನನ್ನ ಜೊತೆ ಜೇಬು ತಡಕಿದವರು ಗೇಟಿನ ಹತ್ತಿರ ನಿಂತಿರಿ, ಒಟ್ಟಿಗೆ ಹೋಗೋಣ.